ಎತ್ತುವ ಕೈ

ರಾಮನಗರದಿಂದ ಕೆಲವೇ ಮೈಲಿ ದೂರದಲ್ಲಿರುವ ಕೈಲಾಂಚ ಒಂದು ಹೋಬಳಿಯ ಮುಖ್ಯ ಊರು. ಹಿಪ್ಪುನೇರಳೆಯ ತೋಟ, ಹುಳು ಸಾಕುವ ಮನೆ, ತೆಂಗು, ಮಾವು. ಇವುಗಳ ಬೆನ್ನಿಗೆ ಬಂಡೆಯ ಬೆಟ್ಟಗಳು. ನನ್ನ ಸೋದರತ್ತೆಯ ಮನೆ ಅಲ್ಲಿದೆ. ಹಿಂದಿನ ಬೇಸಗೆಯಲ್ಲಿ ಎರಡು ದಿನ ಇದ್ದು ಬರೋಣವೆಂದು ಹೋಗಿದ್ದೆ. ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಹಿತ್ತಿಲಿನಿಂದ ಅತ್ತೆಯ ಕೂಗು ಕೇಳಿಸಿತು. ಹೋಗಿ ನೋಡಿದರೆ, ಬಾವಿಕಟ್ಟೆಯ ಮಗ್ಗುಲಲ್ಲಿ ಒಂದು ಕೋತಿ ಸತ್ತು ಬಿದ್ದಿತ್ತು.

"ಅಯ್ಯೋ ಪಾಪ, ಹನುಮಂತರಾಯ ನಮ್ಮ ಹಿತ್ತಿಲಿಗೇ ಬಂದು ಕಣ್ಣು ಮುಚ್ಚಿದನಲ್ಲೋ!" ಎಂದರು ಅತ್ತೆ. ಒಳಗೆ ಹೋಗಿ ಅರಿಸಿನ, ಕುಂಕುಮ, ಒಂದು ಬಿಳಿಯ ಬಟ್ಟೆ ತಂದರು. ಮೈಗೆ ಅರಿಸಿನದ ನೀರು ಹಾಕಿ, ಬಟ್ಟೆ ಹೊದಿಸಿ, ಮಣ್ಣು ಮಾಡಬೇಕೆಂಬುದು ಅವರ ಇಚ್ಛೆ. ನಮ್ಮ ಹಳ್ಳಿಗಳಲ್ಲಿ ಇದೇನೂ ಹೊಸದಲ್ಲ. ಸತ್ತ ಕೋತಿಗೆ ಹೂವಿನ ಹಾರ ಹಾಕಿ, ವಾದ್ಯದೊಡನೆ ಮೆರವಣಿಗೆ ಮಾಡಿ, ಹೂಳಿದ ಜಾಗದಲ್ಲಿ ಸಣ್ಣದೊಂದು ಗುಡಿ ಕಟ್ಟಿಸಿದ ಊರುಗಳೂ ಉಂಟು. ರಾಮದೇವರ ಬೆಟ್ಟದ ಸೀಮೆಯಲ್ಲಿ ಹನುಮಂತನ ಕುಲಕ್ಕೆ ಅಷ್ಟು ಮರ್ಯಾದೆ ಸಲ್ಲುವುದು ಸಹಜವೇ.

ಆದರೆ ಎತ್ತುವವರು ಯಾರು? ಅದಕ್ಕೂ ಅತ್ತೆಯ ಬಳಿ ಏರ್ಪಾಡು ಇತ್ತು. ಊರಿನಲ್ಲಿ ಇಂಥ ಕೆಲಸಕ್ಕೆಂದೇ ಕರೆಯುವ ಒಬ್ಬ ಮುದುಕನಿಗೆ ಹೇಳಿಕಳುಹಿಸಿದರು. ಆತ ಬಂದ. ತಲೆಗೆ ಟವೆಲು ಸುತ್ತಿಕೊಂಡು, ಬರಿಗೈಯಲ್ಲಿ ಕೋತಿಯ ಕಾಲು ಹಿಡಿಯಲು ಬಗ್ಗಿದ. ನಾನು "ತಡಿ ಯಜಮಾನ, ಮುಟ್ಟಬೇಡ" ಎಂದೆ. ಆತ ನೆಟ್ಟಗೆ ನಿಂತು ನಕ್ಕ.

"ನಲವತ್ತು ವರ್ಷದಿಂದ ಎತ್ತಿದ್ದೀನಿ ಸ್ವಾಮಿ. ನಾಯಿ, ನರಿ, ಹೆಗ್ಗಣ, ಕೋತಿ. ಈ ಕೈಗೆ ಏನಾಗಿದೆ ನೋಡಿ" ಎಂದು ಎರಡು ಅಂಗೈಗಳನ್ನೂ ನನ್ನ ಮುಂದೆ ಹಿಡಿದ.

ನನಗೆ ಕೂಡಲೆ ಉತ್ತರ ತೋಚಲಿಲ್ಲ. ಉತ್ತರ ಸಿಕ್ಕಿದ್ದು ಅತ್ತೆಯ ಬಾಯಿಂದಲೇ. "ಇಲಿಯಾಗಿದ್ದರೆ ನಾನೂ ಮುಟ್ಟಲು ಬಿಡುತ್ತಿರಲಿಲ್ಲ ಕಣೋ. ನಮ್ಮತ್ತೆಯವರು ಹೇಳೋರು, ಮನೆಯಲ್ಲಿ ಇಲಿ ಬಿತ್ತು ಅಂದರೆ ಮುಟ್ಟಬಾರದು, ಮನೆ ಬಿಡಬೇಕು ಅಂತ. ಇದು ಕೋತಿಯಲ್ಲವೇ?"

ಒಂದೇ ಮನೆಯಲ್ಲಿ ಎರಡು ಕಟ್ಟಳೆ: ಸತ್ತ ಇಲಿಯನ್ನು ಮುಟ್ಟಬಾರದು, ಸತ್ತ ಕೋತಿಗೆ ಸ್ನಾನ ಮಾಡಿಸಬೇಕು. ಮೊದಲನೆಯದು ಎಲ್ಲಿಂದ ಬಂತು, ಎರಡನೆಯದು ಏಕೆ ಇನ್ನೂ ಬದಲಾಗಿಲ್ಲ ಎಂದು ಯೋಚಿಸುತ್ತ ಹೋದರೆ ನಮ್ಮ ನಾಡಿನ ನೂರಿಪ್ಪತ್ತೈದು ವರ್ಷಗಳ ಒಂದು ಚರಿತ್ರೆಯೇ ತೆರೆದುಕೊಳ್ಳುತ್ತದೆ. ರಾಜರ ಚರಿತ್ರೆಯಲ್ಲ, ಸತ್ತ ಪ್ರಾಣಿಯನ್ನು ಎತ್ತುವ ಕೈಯ ಚರಿತ್ರೆ.

* * *

ಅತ್ತೆಯ ಅತ್ತೆಯವರ ಮಾತಿನ ಹಿಂದೆ ಇರುವುದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ರೈಲಿನ ದಾರಿ ಹಿಡಿದು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಪ್ಲೇಗು ಕಮಿಷನರಾಗಿ ಕೆಲಸ ಮಾಡಿದವರು ವಿ. ಪಿ. ಮಾಧವರಾವ್. ಊರ ಹೊರಗೆ ಶಿಬಿರಗಳೆದ್ದವು. ಮನೆಯ ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡಿದರು. ಇಕ್ಕಟ್ಟಾದ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಹೊರಟರು. ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗು ಮಾರಿಯಮ್ಮನ ಗುಡಿಗಳು ಆ ಕಾಲದ ಭಯದ ಗುರುತು. ಮೈಸೂರು ನಗರದಲ್ಲಿ 1903ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ಕೂಡ ಆ ಪೆಟ್ಟಿನ ಫಲವೇ.

ಬೆಂಗಳೂರಿಗೂ ಮೈಸೂರಿಗೂ ನಡುವಣ ರೈಲುದಾರಿಯಲ್ಲಿ ಕ್ಲೋಸ್‌ಪೇಟೆ ಎಂಬ ಸ್ಟೇಷನ್ನಿತ್ತು. ಅದೇ ಇಂದಿನ ರಾಮನಗರ. ರೈಲಿನ ಪಕ್ಕದ ಸೀಮೆಯವರಿಗೆ ಪ್ಲೇಗಿನ ಸುದ್ದಿ ದೂರದ ಸುದ್ದಿಯಾಗಿರಲಿಲ್ಲ. ಹಳೆಯ ಮೈಸೂರಿನ ಹಳ್ಳಿಗರು ತಮಗೆ ತಾವೇ ಒಂದು ಪಾಠ ಕಲಿತಿದ್ದರು. ಅಟ್ಟದಿಂದ ಇಲಿ ತಾನಾಗಿ ಸತ್ತು ಬಿದ್ದರೆ, ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದು. ಅದನ್ನು ಮೂಢನಂಬಿಕೆ ಎನ್ನುವಂತಿಲ್ಲ. ಏಕೆಂದರೆ ಹಳ್ಳಿಯವನು ಕಣ್ಣಾರೆ ಕಂಡಿದ್ದನ್ನು ವಿಜ್ಞಾನವೂ ಆಗತಾನೇ ಕಾಣತೊಡಗಿತ್ತು.

ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆಂಬುದು ತಿಳಿದಿರಲಿಲ್ಲ. ಪಾಸ್ಚರ್ ಸಂಸ್ಥೆಯಿಂದ ಭಾರತಕ್ಕೆ ಬಂದಿದ್ದ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಒಂದು ಸಂಗತಿಯನ್ನು ಗಮನಿಸಿದ. ಒಂದು ಉಣ್ಣೆಯ ಕಾರ್ಖಾನೆಯಲ್ಲಿ ಬೆಳಗ್ಗೆ ನೆಲದ ತುಂಬ ಇಲಿಗಳು ಸತ್ತು ಬಿದ್ದಿದ್ದವು. ಇಪ್ಪತ್ತು ಮಂದಿ ಕೂಲಿಗಳಿಗೆ ಅವನ್ನು ಎತ್ತಿ ಹಾಕುವಂತೆ ಅಪ್ಪಣೆಯಾಯಿತು. ಮೂರು ದಿನಗಳೊಳಗೆ ಅವರಲ್ಲಿ ಹತ್ತು ಮಂದಿಗೆ ಪ್ಲೇಗು ಬಂತು. ಕಾರ್ಖಾನೆಯ ಉಳಿದವರಿಗೆ ಬರಲಿಲ್ಲ. ಆಗತಾನೇ ಸತ್ತ ಇಲಿ ಅಪಾಯಕರ. ಸತ್ತು ಬಹಳ ಹೊತ್ತಾದದ್ದು ಅಷ್ಟು ಅಪಾಯಕರವಲ್ಲ. ಹಾಗಾದರೆ ರೋಗ ಹೆಣದಲ್ಲಲ್ಲ, ಹೆಣವನ್ನು ಬಿಟ್ಟು ಹೊರಡುವ ಯಾವುದೋ ಒಂದರಲ್ಲಿ ಇರಬೇಕು. 1898ರ ಜೂನ್ 2ರಂದು ಕರಾಚಿಯಲ್ಲಿ ಸಿಮಾಂಡ್ ಇಲಿಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಿ, ಆ ಯಾವುದೋ ಒಂದು ಚಿಗಟವೆಂದು ತೋರಿಸಿದ. ಇಲಿಯ ಮೈ ತಣ್ಣಗಾಗುತ್ತಲೇ ಚಿಗಟ ಅದನ್ನು ಬಿಟ್ಟು ಬೆಚ್ಚನೆಯ ಇನ್ನೊಂದು ಮೈಯನ್ನು ಹುಡುಕುತ್ತದೆ. ಹತ್ತಿರದ ಬೆಚ್ಚನೆಯ ಮೈ ಎಂದರೆ ಎತ್ತಲು ಬಂದವನದು.

ಸಿಮಾಂಡನ ಮಾತನ್ನು ಅನೇಕರು ಕೂಡಲೆ ನಂಬಲಿಲ್ಲ. 1905ರಿಂದ ಮುಂದೆ ಮುಂಬಯಿಯಲ್ಲಿ ನಡೆದ ವ್ಯವಸ್ಥಿತ ಸಂಶೋಧನೆಯೇ ಅದಕ್ಕೆ ಅಧಿಕೃತ ಮುದ್ರೆ ಒತ್ತಬೇಕಾಯಿತು. ಕರಾಚಿಯ ಪರೀಕ್ಷೆ ಜೂನ್‌ನಲ್ಲಿ, ಬೆಂಗಳೂರಿನ ಪ್ಲೇಗು ಆಗಸ್ಟ್‌ನಲ್ಲಿ. ಎರಡು ತಿಂಗಳ ಹಿಂದೆ ಕಂಡ ಸತ್ಯ ಇಲ್ಲಿನ ಕೂಲಿಯವರ ಕೈಗಳನ್ನು ಕಾಯಲು ಬರಲಿಲ್ಲ.

ಆ ಕಾಲದ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಶಿಬಿರಕ್ಕೆ ಒಯ್ಯುತ್ತಾರೆ, ಮನೆಯನ್ನು ಶೋಧಿಸುತ್ತಾರೆ ಎಂಬ ಭಯದಿಂದ ಜನ ಕಾಯಿಲೆಯವರನ್ನೇ ಮುಚ್ಚಿಟ್ಟರು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡನ ದರ್ಪಕ್ಕೆ ಜನ ರೊಚ್ಚಿಗೆದ್ದು, 1897ರ ಜೂನ್ 22ರಂದು ಚಾಪೇಕರ್ ಸೋದರರು ಅವನ ಮೇಲೆ ಗುಂಡು ಹಾರಿಸಿದರು. ಮುಟ್ಟಬಾರದು ಎಂದು ಕಲಿಸುವುದು ಸುಲಭ. ಮುಚ್ಚಿಡಬಾರದು ಎಂದು ಕಲಿಸಬೇಕಾದರೆ ಹೇಳಿಕೊಂಡವನಿಗೆ ತೊಂದರೆಯಾಗುವುದಿಲ್ಲ ಎಂಬ ಭರವಸೆ ಬೇಕು.

* * *

ಇಲಿಯ ಪಾಠ ಹೀಗೆ ಬಂತು. ಕೋತಿಯ ಪಾಠ ಬರಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅದೂ ಮೈಸೂರಿನ ಬಯಲುಸೀಮೆಯಲ್ಲಲ್ಲ, ಮಲೆನಾಡಿನಲ್ಲಿ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಕಾಡು ಇದೆ. 1957ರ ಬೇಸಗೆಯಲ್ಲಿ ಆ ಸುತ್ತಿನ ಹಳ್ಳಿಗಳಲ್ಲಿ ಉಗ್ರವಾದ ಜ್ವರ ಹರಡಿತು. ತಲೆ ಒಡೆಯುವ ನೋವು, ಮೈಕೈ ನೋವು, ಕೆಲವರಿಗೆ ಮೂಗು ಬಾಯಿಗಳಿಂದ ರಕ್ತ. ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದುದನ್ನು ಹಳ್ಳಿಯವರು ನೋಡಿದ್ದರು. ಎರಡಕ್ಕೂ ನಂಟಿದೆಯೆಂದು ಹೇಳಿದವರೂ ಅವರೇ. ಆ ಮಾತನ್ನು ಆರೋಗ್ಯ ಇಲಾಖೆಯವರು ತಳ್ಳಿಹಾಕಲಿಲ್ಲ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಇನ್ನೊಂದು ರೋಗ ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಕಾಲಿಟ್ಟಿತೇ ಎಂಬ ದಿಗಿಲಿನಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಮಲೆನಾಡಿಗೆ ಧಾವಿಸಿದರು.

ಅದು ಹಳದಿ ಜ್ವರವಲ್ಲ. ರಷ್ಯದ ಕಾಡುಗಳ ಒಂದು ಮಿದುಳಿನ ಜ್ವರಕ್ಕೆ ಹತ್ತಿರದ ಸಂಬಂಧಿಯಾದ, ಲೋಕಕ್ಕೇ ಹೊಸದಾದ ವೈರಸ್. ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟರು: ಕ್ಯಾಸನೂರು ಕಾಡಿನ ಕಾಯಿಲೆ. ಜನ ಮಂಗನ ಕಾಯಿಲೆ ಎಂದರು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳೇನಾದರೂ ಇದನ್ನು ತಂದವೇ ಎಂಬ ಸಂದೇಹದಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ ವಲಸೆಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೇ ನಡೆಯಿತು. ಮಲೆನಾಡಿನ ಒಂದು ಸತ್ತ ಮಂಗ ಸೈಬೀರಿಯದವರೆಗೆ ಪ್ರಶ್ನೆ ಎಬ್ಬಿಸಿತೆಂದರೆ ಓದುಗರಿಗೆ ಆಶ್ಚರ್ಯವಾದೀತು.

ಇಲ್ಲಿ ಚಿಗಟದ ಪಾತ್ರ ಉಣುಗಿನದು. ಕಾಡಿನ ಉಣುಗು ವೈರಸ್ಸನ್ನು ಇಟ್ಟುಕೊಂಡಿರುತ್ತದೆ. ಮಂಗಕ್ಕೆ ರೋಗ ತಗುಲಿದರೆ ಅದು ನೆಲಕ್ಕೆ ಬೀಳುತ್ತದೆ. ಅದರ ಮೈಮೇಲಿದ್ದ ಉಣುಗುಗಳು ಸುತ್ತಲ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಸೌದೆಗೆ, ಸೊಪ್ಪಿಗೆ, ದರಗಿಗೆ ಹೋದವರನ್ನು ಕಚ್ಚುತ್ತವೆ. ಚಳಿಗಾಲದ ಕೊನೆಯಿಂದ ಬೇಸಗೆಯವರೆಗೆ, ಮರಿ ಉಣುಗುಗಳು ಹೆಚ್ಚಿರುವ ತಿಂಗಳುಗಳಲ್ಲಿ, ಕಾಯಿಲೆಯೂ ಹೆಚ್ಚು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಕಾಯಿಲೆ ಬಿದ್ದ ಅಥವಾ ಆಗತಾನೇ ಸತ್ತ ಮಂಗವನ್ನು ಮುಟ್ಟಿದವರಿಗೂ ಅದು ತಗುಲಬಹುದು. ಪ್ರಯೋಗಶಾಲೆಯಲ್ಲಿ ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದವರೇ ಹಲವರು ಅದಕ್ಕೆ ತುತ್ತಾದರು.

ಬಹಳ ಕಾಲ ಇದು ಶಿವಮೊಗ್ಗದ ಸುತ್ತಿನ ಕಾಯಿಲೆಯೆಂದೇ ಜನ ತಿಳಿದಿದ್ದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಕಾಣಿಸಿತು. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಆಗ ಸತ್ತ ಮಂಗಗಳನ್ನು ಪರೀಕ್ಷೆಗಾಗಿ ಕೊಯ್ಯುವ, ಸುಡುವ ಕೆಲಸದಲ್ಲಿ ಕೈಜೋಡಿಸಿದ್ದ ಆರು ಮಂದಿ ಬುಡಕಟ್ಟಿನವರಿಗೆ ಕಾಯಿಲೆ ಬಂತು. ಉಣ್ಣೆಯ ಕಾರ್ಖಾನೆಯ ಇಪ್ಪತ್ತು ಕೂಲಿಗಳಿಗೂ ಈ ಆರು ಮಂದಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳು. ಇಲಿ ಹೋಗಿ ಮಂಗ ಬಂದಿದೆ, ಚಿಗಟ ಹೋಗಿ ಉಣುಗು ಬಂದಿದೆ. ಎತ್ತುವ ಕೈ ಮಾತ್ರ ಬದಲಾಗಿಲ್ಲ. ಅದು ಬಡವನ ಕೈ.

2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಈ ಕಾಯಿಲೆಯಿಂದ ತತ್ತರಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಇಂದು ಮಲೆನಾಡಿನ ಮಕ್ಕಳಿಗೂ ಗೊತ್ತು: ಮಂಗ ಸತ್ತಿದ್ದರೆ ಹತ್ತಿರ ಹೋಗಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತಿಳಿದವರು ಮೈಮುಚ್ಚುವ ಉಡುಪು ಧರಿಸಿ ಬರುತ್ತಾರೆ. ಮಾದರಿ ತೆಗೆದು, ಹೆಣವನ್ನು ಸುಟ್ಟು, ಸುತ್ತಲ ನೆಲಕ್ಕೆ ಉಣುಗು ಸಾಯುವ ಪುಡಿ ಎರಚುತ್ತಾರೆ. ಅಲ್ಲಿ ಸತ್ತ ಮಂಗವೆಂದರೆ ಬರೀ ಹೊಲಸಲ್ಲ. ಊರಿಗೆ ಬಂದ ಓಲೆ. ಅದನ್ನು ಓದದೆ ಬೇಲಿಯಾಚೆ ಎಸೆದರೆ ಮುಂದಿನ ವಾರ ಯಾರ ಮನೆಯಲ್ಲಿ ಜ್ವರವೋ ತಿಳಿಯದು.

* * *

ಕೈಲಾಂಚ ಮಂಗನ ಕಾಯಿಲೆಯ ಸೀಮೆಯಲ್ಲ. ಅಲ್ಲಿನ ಪ್ರತಿಯೊಂದು ಸತ್ತ ಕೋತಿಯನ್ನೂ ಕಂಡು ನಡುಗಬೇಕಾಗಿಲ್ಲ. ಆದರೆ ಆ ಸೀಮೆಗೆ ತನ್ನದೇ ಆದ ಇನ್ನೊಂದು ಪಾಠವಿದೆ. ಅದು ಕೈಯೇ ಬೇಡದ ಒಂದು ಏರ್ಪಾಡಿನ ಕಥೆ.

ರಾಮದೇವರ ಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. ಹಿಂದೆ ಊರಾಚೆ ದನವೋ ನರಿಯೋ ಸತ್ತರೆ ಆಕಾಶದಲ್ಲಿ ಚುಕ್ಕೆಗಳು ಕಾಣುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಮೂಳೆ ಮಾತ್ರ ಉಳಿಯುತ್ತಿತ್ತು. ರಣಹದ್ದಿನ ಹೊಟ್ಟೆಯ ಆಮ್ಲ ಬಹಳ ತೀಕ್ಷ್ಣ. ಬೇರೆ ಪ್ರಾಣಿಗಳನ್ನು ಕೊಲ್ಲುವ ಅನೇಕ ರೋಗಾಣುಗಳು ಅಲ್ಲಿ ಜೀರ್ಣವಾಗಿ ಹೋಗುತ್ತವೆ. ಸಂಬಳವಿಲ್ಲದೆ, ರೋಗ ತಗುಲದೆ ಎತ್ತುವ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ.

1990ರ ದಶಕದಲ್ಲಿ ದೇಶದಾದ್ಯಂತ ರಣಹದ್ದುಗಳು ಮಾಯವಾಗತೊಡಗಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧ, ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಗೊತ್ತಾಯಿತು. ಪಶುಗಳಿಗೆ ಅದನ್ನು ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ವನ್ಯಧಾಮವಾಯಿತು. ಅಷ್ಟರಲ್ಲಿ ಉಳಿದಿದ್ದವು ಕೆಲವೇ ಹಕ್ಕಿಗಳು. ಹದ್ದು ಹೋದಲ್ಲಿ ಸತ್ತ ಪ್ರಾಣಿಗಳು ಹಾಗೆಯೇ ಕೊಳೆತವು, ಬೀದಿನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು. ಹದ್ದುಗಳ ಅಳಿವಿನಿಂದಾಗಿ 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು 5 ಲಕ್ಷ ಮಂದಿ ಹೆಚ್ಚಾಗಿ ಸತ್ತಿರಬೇಕೆಂದು ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಲೆಕ್ಕ ಹಾಕಿದ್ದಾರೆ. ಹದ್ದು ಮಾಡುತ್ತಿದ್ದ ಕೆಲಸವೆಲ್ಲ ಈಗ ಮತ್ತೆ ಮನುಷ್ಯನ ಕೈಗೆ ಬಂದಿದೆ.

ಹಾಗಿದ್ದಮೇಲೆ ಆ ಕೈಯನ್ನು ಕಾಪಾಡಿಕೊಳ್ಳುವ ಬಗೆಯನ್ನು ಪಟ್ಟಣದ ನಾವೂ ತಿಳಿದಿರಬೇಕು. ಮಾಳಿಗೆಯಲ್ಲಿ ಇಲಿಯೋ ಪಾರಿವಾಳವೋ ಒಂದು ಸತ್ತಿದ್ದರೆ ಮಕ್ಕಳನ್ನೂ ನಾಯಿಬೆಕ್ಕುಗಳನ್ನೂ ದೂರವಿಡಬೇಕು. ಒಣಗಿದ್ದನ್ನು ಪೊರಕೆಯಿಂದ ಗುಡಿಸಿ ಧೂಳೆಬ್ಬಿಸಬಾರದು. ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ ನೆನೆಸಬೇಕು. ಕೈಗೆ ರಬ್ಬರ್ ಚೀಲ ತೊಟ್ಟು, ಗಟ್ಟಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಇನ್ನೊಂದು ಚೀಲದಲ್ಲಿ ಕಟ್ಟಬೇಕು. ಹಿತ್ತಿಲಿದ್ದವರು ಬಾವಿಯಿಂದ ದೂರದಲ್ಲಿ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಬಹುದು. ಆದರೆ ಚೀಲವನ್ನು ಮಣ್ಣಿಗೆ ಸೇರಿಸಬಾರದು. ಆಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಇದೆಲ್ಲ ಒಂದೆರಡು ಸಣ್ಣ ಜೀವಗಳಿಗೆ ಮಾತ್ರ. ಹಲವು ಒಟ್ಟಿಗೆ ಸತ್ತಿದ್ದರೆ, ಅಥವಾ ಸತ್ತದ್ದು ಕೋತಿ, ಬಾವಲಿ, ನರಿಯಂಥ ಪ್ರಾಣಿಯಾಗಿದ್ದರೆ, ಮುಟ್ಟದೆ ತಿಳಿಸುವುದೇ ಸರಿ. ಕಾಯಿದೆಯೂ ಅದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸತ್ತು ಸಿಕ್ಕ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ವಶಕ್ಕೆ ಬಂದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು. ಠಾಣೆ ಎಂದೊಡನೆ ಹೆದರಿ ಹೆಣವನ್ನು ರಾತ್ರೋರಾತ್ರಿ ಕೆರೆಗೆ ಎಸೆಯುವವರಿದ್ದಾರೆ. ಪ್ಲೇಗಿನ ಕಾಲದಲ್ಲಿ ಮುಚ್ಚಿಟ್ಟವರ ಮೊಮ್ಮಕ್ಕಳು ನಾವು.

* * *

ಇಷ್ಟನ್ನೂ ಆ ಬೆಳಗ್ಗೆ ಬಾವಿಕಟ್ಟೆಯ ಬಳಿ ನಾನು ಹೇಳಲಿಲ್ಲ. ಕ್ಯಾಸನೂರಿನ ಕಥೆ, ಬಂಡೀಪುರದ ಆರು ಮಂದಿಯ ಕಥೆ, ಇವೆರಡನ್ನು ಚಿಕ್ಕದಾಗಿ ಹೇಳಿದೆ. ಮುದುಕ ಕುಕ್ಕರಗಾಲಲ್ಲಿ ಕುಳಿತು ಕೇಳಿದ. ಕೊನೆಗೆ ಒಂದೇ ಮಾತು ಕೇಳಿದ: "ಹಂಗಾದ್ರೆ ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ ಸ್ವಾಮಿ?"

ನಾನು ಅರಣ್ಯ ಇಲಾಖೆಗೆ ಫೋನು ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಬಂದರು, ಕೈಚೀಲ ಮುಖವಸ್ತ್ರ ಸಮೇತ. ಕೋತಿಯ ಅಂಗೈಯಲ್ಲಿ ಸುಟ್ಟ ಗುರುತಿತ್ತು. ಮನೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯನ್ನು ಹಿಡಿದು ಸತ್ತಿರಬೇಕೆಂದರು. ರೋಗದ ಅಂಜಿಕೆ ಇರಲಿಲ್ಲ. ಆದರೆ ನೋಡಿದ ಮೇಲಲ್ಲವೇ ಅದು ತಿಳಿದದ್ದು?

ಬಾವಿಯಿಂದ ದೂರದಲ್ಲಿ ಗುಣಿ ತೋಡಿದವನು ಮುದುಕ. ಕೋತಿಯನ್ನು ಎತ್ತಿ ಇಳಿಸಿದವರು ಇಲಾಖೆಯವರು. ಅತ್ತೆ ದೂರ ನಿಂತು ಅರಿಸಿನ, ಕುಂಕುಮ, ನಾಲ್ಕು ದಾಸವಾಳದ ಹೂವನ್ನು ಗುಣಿಯೊಳಗೆ ಹಾಕಿ ಕೈಮುಗಿದರು. ಮುಟ್ಟದಿದ್ದರೆ ಭಕ್ತಿಗೆ ಕೊರತೆಯಾಯಿತೆಂದು ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಮುದುಕನಿಗೆ ಗುದ್ದಲಿಯ ಕೂಲಿಯನ್ನು ಕೊಟ್ಟು, ಅಂಗಡಿಯಿಂದ ತರಿಸಿದ ಒಂದು ಜತೆ ರಬ್ಬರ್ ಕೈಚೀಲವನ್ನೂ ಕೊಟ್ಟೆವು. ಆತ ಅದನ್ನು ತೊಟ್ಟು ನೋಡಿದ. ಬೆರಳು ಗಿಡ್ಡವಾದವು. "ದೊಡ್ಡದು ತರಿಸಿ" ಎಂದ.

ಮರುದಿನ ಅತ್ತೆಯೇ ಅಂಗಡಿಗೆ ಹೇಳಿ ದೊಡ್ಡದು ತರಿಸಿದರು. ಅದು ಈಗ ಅವರ ಹಿತ್ತಿಲ ಬಾಗಿಲಿನ ಗೂಟದಲ್ಲಿ, ಬಾವಿಯ ಹಗ್ಗದ ಪಕ್ಕದಲ್ಲಿ ತೂಗುತ್ತಿದೆ.